ಆರ್ಡರ್ ಬರುತ್ತಿದೆ, ದುಡ್ಡು ಉಳಿಯುತ್ತಿಲ್ಲ: ಮನೆಯಿಂದ ಚಟ್ನಿ, ರೊಟ್ಟಿ ಮಾರುವವರ ಪ್ರಶ್ನೆಗೆ ಉತ್ತರ

ಪ್ರಶ್ನೆ: ಸರ್, ನಾವು ಗದಗಿನವರು. ಒಂದು ವರ್ಷದಿಂದ ಶೇಂಗಾ ಚಟ್ನಿ, ಅಗಸಿ ಚಟ್ನಿ, ಗುರೆಳ್ಳು ಚಟ್ನಿ, ಖಡಕ್ ರೊಟ್ಟಿಯನ್ನು ವಾಟ್ಸಾಪ್ ಮತ್ತು ಇನ್‌ಸ್ಟಾಗ್ರಾಂ ಮೂಲಕ ಮಾರುತ್ತಿದ್ದೇವೆ. ಅಡುಗೆ ಎಲ್ಲಾ ನಮ್ಮ ಅತ್ತೆಯವರದ್ದು. ಪ್ಯಾಕಿಂಗ್, ಫೋನು, ಕೊರಿಯರ್ ನನ್ನದು. ಗಿರಾಕಿಗಳು ಹೆಚ್ಚಾಗಿ ಬೆಂಗಳೂರು, ಪುಣೆ, ಹೈದರಾಬಾದ್‌ನಲ್ಲಿರುವ ನಮ್ಮ ಕಡೆಯವರು. ತಿಂಗಳಿಗೆ ನೂರರ ಆಸುಪಾಸು ಆರ್ಡರ್ ಬರುತ್ತೆ. ಅರ್ಧ ಕಿಲೋ ಶೇಂಗಾ ಚಟ್ನಿಗೆ 250 ರೂಪಾಯಿ, ಡೆಲಿವರಿ ಫ್ರೀ. ಮನೆಯವರೇ ಮಾಡೋದರಿಂದ ಕೂಲಿ ಖರ್ಚು ಇಲ್ಲ. ಆದರೂ ತಿಂಗಳ ಕೊನೆಗೆ ಕೈಯಲ್ಲಿ ಏನೂ ಉಳಿಯುತ್ತಿಲ್ಲ. ವೆಬ್‌ಸೈಟ್ ಮಾಡಿಸಿ, ಜಾಹೀರಾತು ಕೊಡಿ, ಆರ್ಡರ್ ಜಾಸ್ತಿಯಾದ್ರೆ ಲಾಭ ತಾನಾಗಿ ಬರುತ್ತೆ ಅಂತ ಒಬ್ಬರು ಹೇಳಿದರು. ಆನ್‌ಲೈನ್ ವ್ಯಾಪಾರ ಕಲಿಸುವ ಕೋರ್ಸ್‌ಗೆ 25,000 ರೂಪಾಯಿ ಕೇಳುತ್ತಿದ್ದಾರೆ. ಏನು ಮಾಡಲಿ?

ಉತ್ತರ: ನೇರವಾಗಿ ಹೇಳ್ತೀನಿ. ಕೋರ್ಸ್‌ಗೆ ದುಡ್ಡು ಕೊಡಬೇಡಿ. ವೆಬ್‌ಸೈಟ್ ಈ ವರ್ಷ ಬೇಡ. ಜಾಹೀರಾತೂ ಈಗಲೇ ಬೇಡ. ತಿಂಗಳಿಗೆ ನೂರು ಆರ್ಡರ್ ಬರ್ತಿದೆ ಅಂದ್ರೆ ನಿಮಗೆ ಗಿರಾಕಿಗಳ ಕೊರತೆ ಇಲ್ಲ, ಅತ್ತೆಯವರ ಕೈರುಚಿಯ ಬಗ್ಗೆಯೂ ಯಾರ ತಕರಾರೂ ಇಲ್ಲ. ಕೊರತೆ ಇರೋದು ಒಂದೊಂದು ಪಾರ್ಸಲ್‌ನಲ್ಲಿ ಉಳಿಯುವ ದುಡ್ಡಿನಲ್ಲಿ. ಅದನ್ನು ಸರಿ ಮಾಡದೆ ಆರ್ಡರ್ ಏರಿಸಿದರೆ ತೂತು ಬಿದ್ದ ಕೊಡಕ್ಕೆ ಇನ್ನಷ್ಟು ನೀರು ಸುರಿದ ಹಾಗೆ. ಆರ್ಡರ್ ಜಾಸ್ತಿಯಾದರೆ ಲಾಭ ತಾನಾಗಿ ಬರುತ್ತೆ ಅನ್ನೋ ಮಾತನ್ನು ನಂಬಿ ಸಾಲ ಮಾಡಿಕೊಂಡವರು ಎಷ್ಟೋ ಜನ ಇದ್ದಾರೆ. ನೀವು ಆ ಸಾಲಿಗೆ ಸೇರಬಾರದು ಅನ್ನೋದು ನನ್ನ ಆಸೆ, ಅದಕ್ಕೇ ಇಷ್ಟು ಉದ್ದ ಬರೀತಿದ್ದೀನಿ.

ಮೊದಲು ಒಂದು ಹಾಳೆ ತಗೊಳ್ಳಿ. ನಿಮ್ಮ ಅರ್ಧ ಕಿಲೋ ಶೇಂಗಾ ಚಟ್ನಿಯ ಒಂದು ಪಾರ್ಸಲ್‌ನ ಲೆಕ್ಕ ಬರೆಯೋಣ. ಅಂಕಿಗಳು ನನ್ನ ಅಂದಾಜು, ನಿಮ್ಮ ಊರಿನ ದರ ಹಾಕಿ ತಿದ್ದಿಕೊಳ್ಳಿ. ಶೇಂಗಾ, ಖಾರದಪುಡಿ, ಬೆಳ್ಳುಳ್ಳಿ, ಜೀರಿಗೆ, ಉಪ್ಪು ಎಲ್ಲಾ ಸೇರಿ 90 ರೂಪಾಯಿ. ಗ್ಯಾಸು, ಕರೆಂಟು 8. ಪೌಚು, ಲೇಬಲ್ಲು 12. ಬಾಕ್ಸು, ಟೇಪು 15. ಕೊರಿಯರ್ 80. ಒಡೆದುಹೋದದ್ದು, ಕಳೆದುಹೋದದ್ದು, ವಾಪಸ್ ಬಂದದ್ದು, ಇವುಗಳ ನಷ್ಟವನ್ನು ಎಲ್ಲಾ ಪಾರ್ಸಲ್‌ಗಳ ಮೇಲೆ ಹಂಚಿದರೆ 10. ಕೂಡಿಸಿದರೆ 215. ನೀವು ತಗೊಳ್ಳೋದು 250. ಉಳಿದದ್ದು 35 ರೂಪಾಯಿ, ಅದೂ ಅತ್ತೆಯವರಿಗೆ ಮತ್ತು ನಿಮಗೆ ಒಂದು ಪೈಸೆ ಕೂಲಿ ಹಾಕದೆ.

ಈಗ ಕೂಲಿ ಹಾಕಿ. ಶೇಂಗಾ ಆರಿಸಿ, ಹುರಿದು, ಸಿಪ್ಪೆ ತೆಗೆದು, ಕುಟ್ಟಿ, ತೂಗಿ, ಸೀಲ್ ಮಾಡಿ, ವಿಳಾಸ ಬರೆದು, ಕೊರಿಯರ್ ಆಫೀಸಿಗೆ ಹೋಗಿ ಬಂದ ಇಬ್ಬರ ಸಮಯಕ್ಕೆ ಒಂದು ಪಾರ್ಸಲ್‌ಗೆ ಬರೀ 30 ರೂಪಾಯಿ ಅಂದುಕೊಂಡರೂ ಉಳಿಯೋದು 5 ರೂಪಾಯಿ. ಬೆಳ್ಳುಳ್ಳಿ ದರ ಸ್ವಲ್ಪ ಏರಿದರೆ ಅದೂ ಇಲ್ಲ.

ಇಲ್ಲಿ ಒಂದು ಮಾತು ಹೇಳಲೇಬೇಕು. ಮನೆಯವರೇ ಮಾಡೋದರಿಂದ ಕೂಲಿ ಖರ್ಚು ಇಲ್ಲ ಅಂತ ಬರೆದಿದ್ದೀರಿ. ಇದು ನಿಮ್ಮೊಬ್ಬರ ಮಾತಲ್ಲ, ಮನೆಯಿಂದ ವ್ಯಾಪಾರ ಮಾಡುವ ಹೆಚ್ಚಿನವರು ಹೀಗೇ ಹೇಳ್ತಾರೆ, ಮತ್ತು ಹೀಗೆ ಹೇಳುವಾಗೆಲ್ಲ ಆ ಮನೆಯ ಯಾರೋ ಒಬ್ಬ ಹೆಂಗಸಿನ ಇಡೀ ದಿನದ ದುಡಿಮೆ ಲೆಕ್ಕದಿಂದಲೇ ಬಿಟ್ಟುಹೋಗಿರುತ್ತೆ. ಅತ್ತೆಯವರಿಗೆ ನಾಳೆ ಮೊಣಕಾಲು ನೋವು ಜಾಸ್ತಿಯಾಗಿ ಎರಡು ತಿಂಗಳು ಕೂತರೆ, ಹುರಿಯೋಕೆ ಕುಟ್ಟೋಕೆ ಒಬ್ಬರನ್ನು ಇಟ್ಟುಕೊಳ್ಳಲೇಬೇಕು ಅಲ್ವಾ? ಅವರಿಗೆ ಕೊಡಬೇಕಾದ ದುಡ್ಡು ನಿಮ್ಮ ಇವತ್ತಿನ ಬೆಲೆಯಲ್ಲಿ ಇಲ್ಲ. ಆದ್ದರಿಂದ ಈ ತಿಂಗಳಿಂದಲೇ ಅತ್ತೆಯವರಿಗೆ ಇಷ್ಟು, ನಿಮಗೆ ಇಷ್ಟು ಅಂತ ಕೂಲಿ ಬರೆದು, ಅದನ್ನು ಅವರವರ ಖಾತೆಗೆ ಹಾಕಿ. ಸಣ್ಣ ಮೊತ್ತ ಆದರೂ ಪರವಾಗಿಲ್ಲ. ಅದಾದ ಮೇಲೆ ಉಳಿದದ್ದು ಮಾತ್ರ ಲಾಭ.

ಇನ್ನು ಕೊರಿಯರ್. ನಿಮ್ಮ ದುಡ್ಡು ಸೋರುವ ದೊಡ್ಡ ಜಾಗ ಇದು. ಕೊರಿಯರ್‌ನವರು ಸಾಮಾನ್ಯವಾಗಿ ಅರ್ಧ ಕಿಲೋ ಅರ್ಧ ಕಿಲೋ ಸ್ಲ್ಯಾಬ್ ಲೆಕ್ಕದಲ್ಲಿ ಚಾರ್ಜ್ ಮಾಡ್ತಾರೆ. ನೀವು ಅರ್ಧ ಕಿಲೋ ಚಟ್ನಿ ಹಾಕ್ತೀರಿ. ಅದರ ಮೇಲೆ ಪೌಚು, ಬಾಕ್ಸು, ಟೇಪು ಸೇರಿ ನೂರು ಗ್ರಾಂ. ಒಟ್ಟು 600 ಗ್ರಾಂ ಆಯ್ತು, ಮುಂದಿನ ಸ್ಲ್ಯಾಬ್‌ಗೆ ಹೋಯ್ತು, ನೀವು ಒಂದು ಕಿಲೋಗೆ ದುಡ್ಡು ಕಟ್ಟಿದಿರಿ. ಅಂದ್ರೆ ಪ್ರತಿ ಪಾರ್ಸಲ್‌ನಲ್ಲೂ 400 ಗ್ರಾಂ ಗಾಳಿಯನ್ನು ಬೆಂಗಳೂರಿಗೆ ಕಳಿಸ್ತಿದ್ದೀರಿ. ಇದಕ್ಕೆ ಎರಡು ದಾರಿ ಇದೆ. ಒಂದು, ಪ್ಯಾಕ್ 400 ಗ್ರಾಂ ಮಾಡಿ. ಚಿಕ್ಕ ಬಾಕ್ಸ್ ಹಾಕಿದರೆ ಎಲ್ಲಾ ಸೇರಿ 480ರ ಒಳಗೆ ಬರುತ್ತೆ. ತೂಕ ಮತ್ತು ಬೆಲೆ ಎರಡನ್ನೂ ದೊಡ್ಡದಾಗಿ ಬರೆಯಿರಿ, ಗಿರಾಕಿಗೆ ತಾನು ಎಷ್ಟು ಕೊಳ್ತಿದ್ದೀನಿ ಅಂತ ಸ್ಪಷ್ಟವಾಗಿ ಕಾಣಬೇಕು. ಎರಡನೆಯದು ಇನ್ನೂ ಒಳ್ಳೆಯದು, ಸ್ಲ್ಯಾಬ್ ತುಂಬಿಸಿ ಕಳಿಸೋದು. ಶೇಂಗಾ, ಅಗಸಿ, ಗುರೆಳ್ಳು, ತಲಾ ಕಾಲು ಕಿಲೋದ ಮೂರು ಪೌಚಿನ ಒಂದು ಸೆಟ್ ಮಾಡಿ. 750 ಗ್ರಾಂ ಚಟ್ನಿ, ಪ್ಯಾಕಿಂಗ್ ಸೇರಿ ಒಂದು ಕಿಲೋ ಒಳಗೆ. ಕೊರಿಯರ್ ಅದೇ 80. ಮೂರಕ್ಕೂ ಶೇಂಗಾ ಚಟ್ನಿಯ ಲೆಕ್ಕವನ್ನೇ ಹಿಡಿದರೆ ಸಾಮಾನು 135, ಗ್ಯಾಸು 12, ಮೂರು ಪೌಚು 24, ಬಾಕ್ಸು 18, ನಷ್ಟದ ಪಾಲು 10, ಕೂಲಿ 45. ಒಟ್ಟು 324. ಈಗಿನ ದರದಲ್ಲೇ ಮಾರಿದರೂ 375 ಬರುತ್ತೆ, 51 ರೂಪಾಯಿ ಉಳಿಯುತ್ತೆ. 399 ಇಟ್ಟರೆ 75. ಐದು ರೂಪಾಯಿ ಎಲ್ಲಿ, ಎಪ್ಪತ್ತೈದು ಎಲ್ಲಿ! ಒಬ್ಬ ಹೊಸ ಗಿರಾಕಿಯೂ ಬೇಕಾಗಿಲ್ಲ ಇದಕ್ಕೆ.

ರೊಟ್ಟಿಯದ್ದು ಬೇರೆ ಕಥೆ. ರೊಟ್ಟಿ ಹಗುರ, ಆದರೆ ಜಾಗ ತಿನ್ನುತ್ತೆ. ಕೊರಿಯರ್ ಕಂಪನಿಗಳು ತೂಕವನ್ನಷ್ಟೇ ನೋಡಲ್ಲ, ಬಾಕ್ಸಿನ ಉದ್ದ, ಅಗಲ, ಎತ್ತರವನ್ನು ಸೆಂಟಿಮೀಟರ್‌ನಲ್ಲಿ ಗುಣಿಸಿ ಸಾಮಾನ್ಯವಾಗಿ 5000ದಿಂದ ಭಾಗಿಸ್ತಾರೆ, ಬಂದದ್ದನ್ನು ಕಿಲೋ ಅಂತ ಹಿಡೀತಾರೆ. ನಿಜವಾದ ತೂಕ, ಈ ಲೆಕ್ಕದ ತೂಕ, ಎರಡರಲ್ಲಿ ಯಾವುದು ಜಾಸ್ತಿಯೋ ಅದಕ್ಕೆ ಚಾರ್ಜು. ದೊಡ್ಡ ರೊಟ್ಟಿ ಹಿಡಿಸೋಕೆ 30, 30, 15ರ ಬಾಕ್ಸ್ ಬೇಕು. ಗುಣಿಸಿದರೆ 13,500. ಭಾಗಿಸಿದರೆ 2.7 ಕಿಲೋ. ಒಳಗಿರೋದು ಒಂದೂಕಾಲು ಕಿಲೋ ಇದ್ದರೂ 2.7ಕ್ಕೇ ಕಟ್ಟಬೇಕು, ಸ್ಲ್ಯಾಬ್ ಪ್ರಕಾರ ಅದು 3 ಕಿಲೋ ಆಗುತ್ತೆ. ಅದೇ ಅತ್ತೆಯವರು ರೊಟ್ಟಿಯನ್ನು ಅಂಗೈ ಅಗಲಕ್ಕಿಂತ ಸ್ವಲ್ಪ ದೊಡ್ಡದಾಗಿ, ಹದಿನಾರು ಸೆಂಟಿಮೀಟರ್ ಆಸುಪಾಸಿನಲ್ಲಿ ಬಡಿದರೆ 18, 18, 20ರ ಬಾಕ್ಸಿನಲ್ಲಿ ಒಂದರ ಮೇಲೊಂದು ಜೋಡಿಸಬಹುದು. ಅದರ ಲೆಕ್ಕದ ತೂಕ 1.3 ಕಿಲೋ. ಅರ್ಧಕ್ಕರ್ಧ ಇಳೀತು. ಚಿಕ್ಕ ರೊಟ್ಟಿ ದಾರಿಯಲ್ಲಿ ಒಡೆಯೋದೂ ಕಡಿಮೆ. ದೊಡ್ಡ ರೊಟ್ಟಿಯೇ ನಮ್ಮ ಪದ್ಧತಿ ಅಂತ ಅತ್ತೆಯವರು ಮುನಿಸಿಕೊಳ್ಳಬಹುದು, ಅವರ ಮಾತೂ ನಿಜ, ಊರಲ್ಲಿ ಮಾರೋಕೆ ದೊಡ್ಡದೇ ಇರಲಿ. ಪಾರ್ಸಲ್‌ಗೆ ಮಾತ್ರ ಚಿಕ್ಕದು.

ಬೆಂಗಳೂರಿಗೆ ಒಂದೇ ದಿನ ಏಳೆಂಟು ರೊಟ್ಟಿ ಆರ್ಡರ್ ಇದ್ದರೆ ಬಸ್ ಪಾರ್ಸಲ್ಲೂ ನೋಡಿ. ಸರ್ಕಾರಿ ಬಸ್ಸಿನ ‘ನಮ್ಮ ಕಾರ್ಗೋ’ ಸೇವೆ 2021ರಲ್ಲಿ ಶುರುವಾಯ್ತು, ಖಾಸಗಿ ಬಸ್ಸಿನವರಂತೂ ಮೊದಲಿಂದ ಇದ್ದಾರೆ. ಒಂದು ದೊಡ್ಡ ಬಾಕ್ಸ್ ಕಳಿಸಿ, ಅಲ್ಲಿ ನಿಮ್ಮವರು ಯಾರಾದರೂ ಇಳಿಸಿಕೊಂಡು ಬೈಕ್ ಡೆಲಿವರಿಗೆ ಕೊಡೋ ಹಾಗಿದ್ದರೆ ರೊಟ್ಟಿ ಒಡೆಯೋದು ತುಂಬಾ ಕಡಿಮೆಯಾಗುತ್ತೆ. ನಂಬಿಕೆಯ ಒಬ್ಬ ಮನುಷ್ಯ ಇಲ್ಲದಿದ್ದರೆ ಬೇಡ.

ಬೆಲೆ ಏರಿಸಿದರೆ ಗಿರಾಕಿ ಓಡಿಹೋಗ್ತಾರೆ ಅನ್ನೋ ಭಯ ನಿಮಗಿರಬಹುದು. ಪುಣೆಯಲ್ಲಿ ಕೂತು ಗದಗಿನ ಶೇಂಗಾ ಚಟ್ನಿ ತರಿಸಿಕೊಳ್ಳುವವರು ಅಗ್ಗ ಅಂತ ತರಿಸಲ್ಲ, ಅಗ್ಗದ್ದು ಅಲ್ಲೇ ಅಂಗಡಿಯಲ್ಲಿ ಸಿಗುತ್ತೆ. ಊರಿನ ರುಚಿ ಬೇಕು, ಅದಕ್ಕೆ ತರಿಸ್ತಾರೆ. 2024ರಲ್ಲಿ ಬೆಳ್ಳುಳ್ಳಿ ಕಿಲೋಗೆ 400 ರೂಪಾಯಿ ದಾಟಿದಾಗ ಹಳೇ ಬೆಲೆಗೇ ಮಾರಿದವರು ಕೈಯಿಂದ ದುಡ್ಡು ಹಾಕಿ ಗಿರಾಕಿಗೆ ಊಟ ಬಡಿಸಿದ ಹಾಗಾಯ್ತು. ಮೂರು ತಿಂಗಳಿಗೊಮ್ಮೆ ಸಾಮಾನಿನ ದರ ನೋಡಿ ಬೆಲೆ ತಿದ್ದಿ, ತಿದ್ದಿದಾಗ ಕಾರಣವನ್ನು ಒಂದೇ ಸಾಲಲ್ಲಿ ಹೇಳಿ. ಮತ್ತೆ ಖರೀದಿಯನ್ನೂ ಸುಗ್ಗಿ ನೋಡಿ ಮಾಡಿ. ಬ್ಯಾಡಗಿ ಮೆಣಸಿನಕಾಯಿ ಜನವರಿಯಿಂದ ಮಾರ್ಚ್‌ವರೆಗೆ ಮಾರುಕಟ್ಟೆಗೆ ಭರ್ತಿ ಬರುತ್ತೆ, ಬ್ಯಾಡಗಿ ನಿಮಗೆ ಹತ್ತಿರವೇ, ಆಗ ವರ್ಷಕ್ಕಾಗುವಷ್ಟು ತಂದು ಒಣಗಿಸಿ ಇಟ್ಟುಕೊಳ್ಳಿ. ಶೇಂಗಾವನ್ನು ಮಾತ್ರ ಜಾಸ್ತಿ ದಿನ ಕೂಡಿಡಬೇಡಿ.

ಶೇಂಗಾ ಮಾತು ಬಂತು, ಅದನ್ನು ಸ್ವಲ್ಪ ಬಿಡಿಸಿ ಹೇಳ್ತೀನಿ, ಯಾಕಂದ್ರೆ ನಿಮ್ಮ ಹೆಸರು ಉಳಿಯೋದೂ ಹೋಗೋದೂ ಇದರ ಮೇಲೇ. ಜೊಳ್ಳು ಕಾಳು, ಸುಕ್ಕಿದ್ದು, ಕಪ್ಪಾದದ್ದು, ಒಡೆದದ್ದು, ಇವನ್ನು ಹುರಿಯೋ ಮೊದಲೇ ಆರಿಸಿ ತೆಗೀಬೇಕು. ತೇವ ತಗುಲಿದ ಶೇಂಗಾದಲ್ಲಿ ಬೆಳೆಯುವ ಬೂಸ್ಟು ಅಫ್ಲಾಟಾಕ್ಸಿನ್ ಅನ್ನೋ ವಿಷ ಬಿಡುತ್ತೆ, ಹುರಿದರೂ ಅದು ಪೂರ್ತಿ ಹೋಗಲ್ಲ. ಆರಿಸೋ ಕೆಲಸಕ್ಕೆ ಬೇಜಾರು ಮಾಡಿಕೊಳ್ಳಬೇಡಿ, ಅದಕ್ಕೂ ಕೂಲಿ ಹಾಕಿ. ಅಗಸಿ ಚಟ್ನಿಯ ಕಷ್ಟ ಬೇರೆ. ಅಗಸಿ ಪುಡಿ ಮಾಡಿದ ಮೇಲೆ ಅದರ ಎಣ್ಣೆ ಗಾಳಿಗೆ ಬೇಗ ಕೆಡುತ್ತೆ, ಕಮಟು ವಾಸನೆ ಬರುತ್ತೆ. ಅದನ್ನು ಕಡಿಮೆ ಕಡಿಮೆ ಮಾಡಿ, ವಾರದೊಳಗೆ ಖಾಲಿಯಾಗೋಷ್ಟೇ. ಪ್ರತಿ ಸಲ ಮಾಡಿದ ಸರಕಿನಿಂದ ನಾಲ್ಕು ಚಿಕ್ಕ ಪೌಚ್ ಸೀಲ್ ಮಾಡಿ, ತಾರೀಖು ಬರೆದು ಕಪಾಟಿನಲ್ಲಿ ಇಡಿ, ಎರಡು ವಾರಕ್ಕೊಂದು ಒಡೆದು ಮೂಸಿ, ತಿಂದು ನೋಡಿ. ಯಾವ ವಾರದಲ್ಲಿ ರುಚಿ ಇಳಿಯಿತೋ ಅದಕ್ಕಿಂತ ಸಾಕಷ್ಟು ಮೊದಲಿನ ದಿನವನ್ನು ಲೇಬಲ್ ಮೇಲೆ ಹಾಕಿ. ಪಕ್ಕದವರು ಆರು ತಿಂಗಳು ಅಂತ ಹಾಕಿದ್ದಾರೆ ಅಂತ ನೀವೂ ಹಾಕಬೇಡಿ. ಗದಗಿನ ಒಣ ಹವೆಯಲ್ಲಿ ಗರಿಗರಿ ಇರೋ ರೊಟ್ಟಿ ಬೆಂಗಳೂರಿನ ಮಳೆಗಾಲದಲ್ಲಿ ಎರಡೇ ದಿನಕ್ಕೆ ಮೆತ್ತಗಾಗುತ್ತೆ, ಹಾಗಾಗಿ ಬಾಕ್ಸಿನಲ್ಲಿ ಒಂದು ಚೀಟಿ ಇಡಿ: ತೆಗೆದ ತಕ್ಷಣ ಡಬ್ಬಿಗೆ ಹಾಕಿ ಮುಚ್ಚಿ, ಮೆತ್ತಗಾದರೆ ತವಾ ಮೇಲೆ ಸ್ವಲ್ಪ ಬಿಸಿ ಮಾಡಿ ಅಂತ. ಈ ಎರಡು ಸಾಲಿನ ಚೀಟಿಯಿಂದ ಎಷ್ಟೋ ದೂರು ನಿಲ್ಲುತ್ತೆ.

ಈಗ ಗಿರಾಕಿ. ಹೊಸಬರು ಎಷ್ಟು ಬಂದರು ಅಂತ ಎಲ್ಲರೂ ನೋಡ್ತಾರೆ, ಹಳಬರು ಎಷ್ಟು ಜನ ಮತ್ತೆ ಬಂದರು ಅಂತ ನೋಡೋರು ಕಡಿಮೆ. ನನಗೆ ಮುಖ್ಯ ಅನ್ನಿಸೋದು ಎರಡನೆಯದೇ. ಒಂದು ಎಕ್ಸೆಲ್ ಹಾಳೆ ಮಾಡಿ, ನೋಟ್‌ಬುಕ್ ಆದರೂ ಸರಿ. ಹೆಸರು, ಫೋನ್ ನಂಬರ್, ಪಿನ್‌ಕೋಡ್, ಏನು ತಗೊಂಡರು, ಯಾವ ತಾರೀಖು. ಜೂನ್‌ನಲ್ಲಿ ಮೊದಲ ಸಲ ಕೊಂಡವರಲ್ಲಿ ಸೆಪ್ಟೆಂಬರ್ ಮುಗಿಯೋದರೊಳಗೆ ಎಷ್ಟು ಜನ ಮತ್ತೆ ಕೊಂಡರು ಅಂತ ಎಣಿಸಿ. ಹತ್ತರಲ್ಲಿ ನಾಲ್ಕು ಜನ ಮರಳಿ ಬಂದಿದ್ದರೆ ನಿಮ್ಮ ವ್ಯಾಪಾರ ಗಟ್ಟಿ ಇದೆ ಅಂತ ನಾನು ಹೇಳ್ತೀನಿ. ಒಬ್ಬರೋ ಇಬ್ಬರೋ ಬಂದಿದ್ದರೆ ಉಳಿದವರಲ್ಲಿ ಐದಾರು ಜನರಿಗೆ ಫೋನ್ ಮಾಡಿ ಕೇಳಿ. ಮೆಸೇಜ್ ಬೇಡ, ಫೋನೇ ಮಾಡಿ. ಮೆಸೇಜ್‌ನಲ್ಲಿ ಎಲ್ಲರೂ ಚೆನ್ನಾಗಿತ್ತು ಅಂತಾರೆ. ಫೋನಲ್ಲಿ ಮಾತಾಡ್ತಾ ಮಾತಾಡ್ತಾ, ಉಪ್ಪು ಸ್ವಲ್ಪ ಮುಂದಿತ್ತು, ಪೌಚ್ ಒಂದು ಸಲ ಕತ್ತರಿಸಿದರೆ ಮುಚ್ಚೋಕೆ ಆಗಲ್ಲ, ಮಕ್ಕಳಿಗೆ ಖಾರ ಆಯ್ತು ಅನ್ನೋದು ಹೊರಗೆ ಬರುತ್ತೆ. ಅದು ಕೋರ್ಸ್‌ನವರು ಹೇಳಿಕೊಡದ ವಿಷಯ.

ವಾಟ್ಸಾಪ್ ಬಿಸಿನೆಸ್ ಆ್ಯಪ್ ಹಾಕಿಕೊಂಡಿಲ್ಲದಿದ್ದರೆ ಹಾಕಿಕೊಳ್ಳಿ, ದುಡ್ಡೇನಿಲ್ಲ. ಅದರಲ್ಲಿ ಕ್ಯಾಟಲಾಗ್ ಇದೆ, ಗಿರಾಕಿಗಳಿಗೆ ಲೇಬಲ್ ಹಾಕಬಹುದು, ದಿನಾ ಕೇಳುವ ಪ್ರಶ್ನೆಗಳಿಗೆ ಉತ್ತರ ಸಿದ್ಧ ಇಟ್ಟುಕೊಳ್ಳಬಹುದು. ಒಂದೇ ಸಂದೇಶವನ್ನು ಹಲವರಿಗೆ ಒಟ್ಟಿಗೆ ಕಳಿಸುವ ಬ್ರಾಡ್‌ಕಾಸ್ಟ್ ಲಿಸ್ಟ್‌ನಲ್ಲಿ ಒಂದು ಪಟ್ಟಿಗೆ 256 ಜನ, ಮತ್ತು ನಿಮ್ಮ ನಂಬರನ್ನು ಸೇವ್ ಮಾಡಿಕೊಂಡವರಿಗೆ ಮಾತ್ರ ಅದು ತಲುಪುತ್ತೆ. ಎಷ್ಟೋ ಜನರಿಗೆ ಇದು ಗೊತ್ತಿರಲ್ಲ, ಕಳಿಸ್ತಾನೇ ಇರ್ತಾರೆ, ಅರ್ಧ ಜನಕ್ಕೆ ಹೋಗಿರೋದೇ ಇಲ್ಲ. ಹಾಗಾಗಿ ಪ್ರತಿ ಪಾರ್ಸಲ್‌ನ ಚೀಟಿಯಲ್ಲಿ ನಂಬರ್ ಸೇವ್ ಮಾಡಿಕೊಳ್ಳಿ ಅಂತ ಬರೆಯಿರಿ. ದಿನಾ ಸಂದೇಶ ಕಳಿಸಬೇಡಿ, ಜನ ಬ್ಲಾಕ್ ಮಾಡ್ತಾರೆ. ಮೂರು ಪೌಚಿನ ಸೆಟ್ ಒಂದು ಸಣ್ಣ ಮನೆಗೆ ತಿಂಗಳ ಮೇಲೆ ಬರುತ್ತೆ ಅಂದುಕೊಂಡರೆ, ಇಪ್ಪತ್ತೈದನೇ ದಿನದ ಹೊತ್ತಿಗೆ ಅವರ ಹೆಸರು ಹಿಡಿದು ಒಂದು ಮಾತು ಕೇಳಿ: ಚಟ್ನಿ ಮುಗಿಯಿತಾ, ಈ ವಾರ ಹೊಸದು ಮಾಡ್ತಿದ್ದೀವಿ, ತೆಗೆದಿಡಲಾ? ಇಷ್ಟೇ ಸಾಕು. ಹಬ್ಬದ ಲೆಕ್ಕವೂ ಇಟ್ಟುಕೊಳ್ಳಿ. ಸಂಕ್ರಾಂತಿಗೆ ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ ಬೇಕು ಅನ್ನೋರು ಬೆಂಗಳೂರಲ್ಲಿ ಸಾಕಷ್ಟು ಜನ ಇದ್ದಾರೆ. ಜನವರಿ ಮೊದಲ ವಾರದಲ್ಲೇ ಮುಂಗಡ ತಗೊಂಡು ಎಷ್ಟು ಆಗುತ್ತೋ ಅಷ್ಟೇ ಒಪ್ಪಿಕೊಳ್ಳಿ.

ಇನ್‌ಸ್ಟಾಗ್ರಾಂನಲ್ಲಿ ಅತ್ತೆಯವರು ರೊಟ್ಟಿ ಬಡಿಯುವ ವಿಡಿಯೋ ಹಾಕ್ತಾ ಇರಿ, ಹೊಸಬರು ಬರೋದು ಅಲ್ಲಿಂದಲೇ. ಆದರೆ ಆ ಖಾತೆಯೊಂದನ್ನೇ ನಂಬಿ ವ್ಯಾಪಾರ ಮಾಡಬೇಡಿ. ಖಾತೆ ಹ್ಯಾಕ್ ಆಗುತ್ತೆ, ಕೆಲವೊಮ್ಮೆ ಕಾರಣ ತಿಳಿಯದೆ ಬಂದ್ ಆಗುತ್ತೆ, ಆಗ ಕೇಳೋಕೆ ಯಾರೂ ಸಿಗಲ್ಲ. ಎರಡು ಹಂತದ ಭದ್ರತೆ ಇವತ್ತೇ ಹಾಕಿ. ನಿಮ್ಮ ಆಸ್ತಿ ಅಂದ್ರೆ ಆ ಎಕ್ಸೆಲ್ ಹಾಳೆ, ಅದರ ಒಂದು ನಕಲು ಮನೆಯಲ್ಲಿ ಇನ್ನೊಬ್ಬರ ಹತ್ತಿರವೂ ಇರಲಿ.

ಕ್ಯಾಶ್ ಆನ್ ಡೆಲಿವರಿ ಕೊಡ್ತಿದ್ದರೆ ನಿಲ್ಲಿಸಿ. ಬಟ್ಟೆ ವಾಪಸ್ ಬಂದರೆ ಮಡಚಿ ಮತ್ತೆ ಮಾರಬಹುದು. ಹತ್ತು ದಿನ ಗೋಡೌನು ಸುತ್ತಿ ವಾಪಸ್ ಬಂದ ರೊಟ್ಟಿಯನ್ನು ಯಾರಿಗೂ ಕೊಡೋಕಾಗಲ್ಲ, ಕೊಡಲೂಬಾರದು. ಹೋಗೋ ಚಾರ್ಜು, ಬರೋ ಚಾರ್ಜು, ಸರಕು, ಮೂರೂ ಹೋಯ್ತು. ನಂಬಿಕೆ ಇಲ್ಲ ಅನ್ನೋ ಹೊಸಬರಿಗೆ ತಲಾ ನೂರು ಗ್ರಾಂನ ಮೂರು ಚಟ್ನಿಯ ಒಂದು ಸಣ್ಣ ಪ್ಯಾಕ್ ಇಡಿ, ಅದಕ್ಕೂ ದುಡ್ಡು ಮೊದಲೇ. ಯುಪಿಐನಲ್ಲಿ ದುಡ್ಡು ಬಂತು ಅಂತ ಸ್ಕ್ರೀನ್‌ಶಾಟ್ ನೋಡಿ ಪಾರ್ಸಲ್ ಕಳಿಸಬೇಡಿ, ಸುಳ್ಳು ಸ್ಕ್ರೀನ್‌ಶಾಟ್ ಮಾಡೋದು ಎರಡು ನಿಮಿಷದ ಕೆಲಸ. ಬ್ಯಾಂಕ್ ಖಾತೆ ತೆರೆದು ನೋಡಿ. ದುಡ್ಡು ಪಡೆಯೋಕೆ ಪಿನ್ ಹಾಕಿ ಅಂತ ಯಾರಾದರೂ ಹೇಳಿದರೆ ಅದು ಮೋಸ, ದುಡ್ಡು ಪಡೆಯೋಕೆ ಪಿನ್ ಬೇಕಾಗಲ್ಲ.

ಇನ್ನು ಕಾಗದಪತ್ರ. ಇದರಲ್ಲಿ ಒಂದು ವಿಷಯ ನಿಮಗೆ ತುರ್ತು ಇದೆ. ಕರ್ನಾಟಕದಲ್ಲಿ ಸರಕು ಮಾರುವವರಿಗೆ ವರ್ಷಕ್ಕೆ 40 ಲಕ್ಷದ ವಹಿವಾಟಿನವರೆಗೆ ಜಿಎಸ್‌ಟಿ ನೋಂದಣಿ ಬೇಡ ಅಂತ ಎಲ್ಲರೂ ಹೇಳ್ತಾರೆ. ಅದು ರಾಜ್ಯದ ಒಳಗಿನ ಮಾರಾಟಕ್ಕೆ. ತೆರಿಗೆ ಇರುವ ಸರಕನ್ನು ಬೇರೆ ರಾಜ್ಯಕ್ಕೆ ಮಾರಿದರೆ ಈ ಮಿತಿ ಅನ್ವಯಿಸಲ್ಲ, ಮೊದಲ ಪಾರ್ಸಲ್‌ನಿಂದಲೇ ನೋಂದಣಿ ಬೇಕು. ನೀವು ಪುಣೆಗೂ ಹೈದರಾಬಾದ್‌ಗೂ ಚಟ್ನಿ ಕಳಿಸ್ತಿದ್ದೀರಿ. ರೊಟ್ಟಿಗೆ ತೊಂದರೆ ಇಲ್ಲ, 2025ರ ಸೆಪ್ಟೆಂಬರ್ 22ರಿಂದ ರೊಟ್ಟಿಗೆ ತೆರಿಗೆ ಸೊನ್ನೆ. ಚಟ್ನಿಪುಡಿಗೆ ತೆರಿಗೆ ಇದೆ. ಹಾಗಾಗಿ ಈ ವಾರವೇ ಒಬ್ಬ ಅಕೌಂಟೆಂಟ್ ಹತ್ತಿರ ಕೂತು ಮಾತಾಡಿ. ನೋಂದಣಿ ಆಗೋವರೆಗೆ ಹೊರರಾಜ್ಯದ ಚಟ್ನಿ ಆರ್ಡರ್ ನಿಲ್ಲಿಸಿ. ಸಣ್ಣ ವ್ಯಾಪಾರಿಗಳಿಗೆ ಇರುವ ಸರಳ ತೆರಿಗೆಯ ಕಾಂಪೊಸಿಷನ್ ಸ್ಕೀಮ್ ತಗೊಳ್ಳಿ, ಸುಲಭ ಅಂತ ಯಾರಾದರೂ ಹೇಳಬಹುದು, ಆದರೆ ಅದರಲ್ಲಿ ಹೊರರಾಜ್ಯಕ್ಕೆ ಸರಕು ಮಾರುವಂತಿಲ್ಲ. ನೋಂದಣಿಯಾದ ಮೇಲೆ ತೆರಿಗೆಯನ್ನೂ ಬೆಲೆಯಲ್ಲಿ ಸೇರಿಸಿ ಮತ್ತೆ ಪಾರ್ಸಲ್ ಲೆಕ್ಕ ಹಾಕಬೇಕು, ನಾನು ಮೇಲೆ ಬರೆದದ್ದರಲ್ಲಿ ಅದು ಸೇರಿಲ್ಲ.

2025ರ ಜುಲೈನಲ್ಲಿ ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ವಹಿವಾಟು ನೋಡಿ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕೊಟ್ಟದ್ದು ನಿಮಗೆ ನೆನಪಿರಬಹುದು. ಬೆಂಗಳೂರಿನಲ್ಲಿ ಎಷ್ಟೋ ಅಂಗಡಿಯವರು ಗಾಬರಿಯಾಗಿ ಕ್ಯೂಆರ್ ಕೋಡ್ ಕಿತ್ತು, ನಗದು ಮಾತ್ರ ಅಂತ ಬೋರ್ಡ್ ಹಾಕಿದರು. ಮನೆ ಖರ್ಚಿನ ದುಡ್ಡು, ತಮ್ಮನಿಂದ ಪಡೆದ ಕೈಗಡ, ವ್ಯಾಪಾರದ ದುಡ್ಡು ಎಲ್ಲಾ ಒಂದೇ ಖಾತೆಗೆ ಬಂದಿದ್ದರೆ ಆಮೇಲೆ ಬಿಡಿಸಿ ತೋರಿಸೋದು ತುಂಬಾ ಕಷ್ಟ. ನೀವು ವ್ಯಾಪಾರಕ್ಕೆ ಅಂತಲೇ ಒಂದು ಬ್ಯಾಂಕ್ ಖಾತೆ, ಒಂದು ಕ್ಯೂಆರ್ ಇಟ್ಟುಕೊಳ್ಳಿ.

ಆಹಾರ ಮಾರೋದಕ್ಕೆ ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐ ನೋಂದಣಿ ಬೇಕೇ ಬೇಕು, ಮನೆಯಲ್ಲಿ ಮಾಡಿದ್ದು ಅಂತ ವಿನಾಯಿತಿ ಇಲ್ಲ. ಸಣ್ಣವರಿಗೆ ಶುಲ್ಕ ತೀರಾ ಕಡಿಮೆ, ಆ ಪ್ರಾಧಿಕಾರದ ಫೋಸ್ಕೋಸ್ ಪೋರ್ಟಲ್‌ನಲ್ಲಿ ನೀವೇ ಮಾಡಿಕೊಳ್ಳಬಹುದು. ಸಿಗುವ 14 ಅಂಕಿಯ ನಂಬರ್ ಲೇಬಲ್ ಮೇಲೆ ಇರಬೇಕು. ಅದರ ಜೊತೆ ಪದಾರ್ಥದ ಹೆಸರು, ಏನೇನು ಹಾಕಿದೆ ಅನ್ನೋದು ಜಾಸ್ತಿ ಇರೋದರಿಂದ ಕಡಿಮೆ ಇರೋದರ ಕ್ರಮದಲ್ಲಿ, ನಿವ್ವಳ ತೂಕ, ತಯಾರಿಸಿದ ದಿನ, ಎಲ್ಲಿಯವರೆಗೆ ಬಳಸಬಹುದು, ಬ್ಯಾಚ್ ನಂಬರ್, ಎಲ್ಲಾ ತೆರಿಗೆ ಸೇರಿದ ಎಂಆರ್‌ಪಿ, ಹಸಿರು ಚುಕ್ಕೆ, ನಿಮ್ಮ ವಿಳಾಸ, ದೂರಿಗೆ ಫೋನ್ ನಂಬರ್. ಶೇಂಗಾ ಇದೆ ಅನ್ನೋದನ್ನು ಎದ್ದು ಕಾಣೋ ಹಾಗೆ ಬರೆಯಿರಿ, ಶೇಂಗಾ ಅಲರ್ಜಿ ಇರೋರಿಗೆ ಅದು ಜೀವದ ಪ್ರಶ್ನೆ. ಸಣ್ಣ ಉದ್ದಿಮೆಗಳಿಗೆ ಇರುವ ಉದ್ಯಮ್ ನೋಂದಣಿ ಸರ್ಕಾರದ ಪೋರ್ಟಲ್‌ನಲ್ಲಿ ಪೂರ್ತಿ ಉಚಿತ. ಎರಡು ಸಾವಿರ ಕೊಡಿ ಮಾಡಿಸಿಕೊಡ್ತೀವಿ ಅಂತ ಫೋನ್ ಬಂದರೆ ಇಟ್ಟುಬಿಡಿ.

ದೂರು ಬಂದೇ ಬರುತ್ತೆ. 2020ರ ಇ-ಕಾಮರ್ಸ್ ನಿಯಮಗಳ ಪ್ರಕಾರ ಗ್ರಾಹಕರ ದೂರು ಬಂದಿದೆ ಅಂತ 48 ಗಂಟೆಯೊಳಗೆ ಒಪ್ಪಿಕೊಂಡು ಒಂದು ತಿಂಗಳೊಳಗೆ ಬಗೆಹರಿಸಬೇಕು. ನೀವು ಅಷ್ಟು ಹೊತ್ತು ಕಾಯಿಸಬೇಡಿ. ಪೌಚ್ ಒಡೆದಿದೆ ಅಂತ ಫೋಟೋ ಬಂದರೆ ಅವತ್ತೇ ಇನ್ನೊಂದು ಕಳಿಸ್ತೀವಿ ಅಂತ ಹೇಳಿ, ವಾದ ಮಾಡಬೇಡಿ. ಪಾರ್ಸಲ್ ಮುಚ್ಚುವ ಮೊದಲು ನೀವೂ ಒಂದು ಫೋಟೋ ತೆಗೆದಿಟ್ಟುಕೊಂಡಿದ್ದರೆ ಕೊರಿಯರ್‌ನವರ ಹತ್ತಿರ ಮಾತಾಡೋಕೆ ಆಧಾರ ಇರುತ್ತೆ.

ಜಾಹೀರಾತು ಯಾವಾಗ ಕೊಡಬಹುದು ಅನ್ನೋದಕ್ಕೂ ಅದೇ ಹಾಳೆ ಉತ್ತರ ಹೇಳುತ್ತೆ. ಒಬ್ಬ ಹೊಸ ಗಿರಾಕಿಯನ್ನು ತರೋಕೆ ಜಾಹೀರಾತಿಗೆ 150 ರೂಪಾಯಿ ಹೋಯ್ತು ಅಂದುಕೊಳ್ಳಿ. ಮೊದಲ ಆರ್ಡರ್‌ನಲ್ಲಿ 75 ಉಳಿದರೆ ಇನ್ನೂ 75 ನಷ್ಟದಲ್ಲಿದ್ದೀರಿ. ಅವರು ಎರಡನೇ ಸಲ ಕೊಂಡಾಗ ಸರಿಸಮ, ಮೂರನೇ ಸಲದಿಂದ ಲಾಭ. ಮರಳಿ ಬರೋರು ಇದ್ದರೆ ಜಾಹೀರಾತು ಕೆಲಸ ಮಾಡುತ್ತೆ, ಇಲ್ಲದಿದ್ದರೆ ಪ್ರತಿ ಹೊಸ ಗಿರಾಕಿಯೂ ಹೊಸ ನಷ್ಟ. ಮೂರು ತಿಂಗಳ ಅಂಕಿ ಕೈಯಲ್ಲಿ ಹಿಡಿದ ಮೇಲೆ ನೋಡಿ. ವೆಬ್‌ಸೈಟೂ ಅಷ್ಟೇ, ವಾಟ್ಸಾಪ್‌ನಲ್ಲಿ ಆರ್ಡರ್ ಬರೆದುಕೊಳ್ಳೋಕೆ ನಿಮಗೆ ಕೈ ಸಾಲದಾದಾಗ ಮಾಡಿಸಿ. ದೊಡ್ಡ ಮಾರಾಟ ತಾಣಗಳಿಗೆ ಹೋದರೆ ಕಮಿಷನ್ ಕೊಡಬೇಕು, ಗಿರಾಕಿಯ ಫೋನ್ ನಂಬರ್ ನಿಮಗೆ ಸಿಗಲ್ಲ, ನಿಮ್ಮಂಥ ವ್ಯಾಪಾರಕ್ಕೆ ಅದು ದೊಡ್ಡ ಕೊರತೆ.

ಬೆಳೆಯೋಕೆ ಇನ್ನೊಂದು ದಾರಿ ಇದೆ, ಅದು ನನಗೆ ತುಂಬಾ ಇಷ್ಟ. ಕಲಬುರಗಿಯಲ್ಲಿ ಮಹಿಳಾ ಸ್ವಸಹಾಯ ಸಂಘಗಳು ಜೋಳದ ರೊಟ್ಟಿಗೆ ಕಲಬುರಗಿ ರೊಟ್ಟಿ ಅಂತ ಒಂದೇ ಹೆಸರು ಕಟ್ಟಿ ಒಟ್ಟಾಗಿ ಮಾರ್ತಿವೆ, 2025ರ ಜೂನ್‌ನ ಮನ್ ಕೀ ಬಾತ್‌ನಲ್ಲೂ ಅದರ ಪ್ರಸ್ತಾಪ ಬಂತು. ಒಂದು ಮನೆಯ ಕೈಯಿಂದ ಆಗದ್ದು ಹತ್ತು ಮನೆಯಿಂದ ಆಗುತ್ತೆ. ನಿಮ್ಮ ಓಣಿಯಲ್ಲೇ ರೊಟ್ಟಿ ಬಡಿಯೋರು ನಾಲ್ಕು ಜನ ಇದ್ದರೆ, ಅಳತೆ ಒಂದೇ, ದಪ್ಪ ಒಂದೇ, ಹಿಟ್ಟು ಒಂದೇ ಗಿರಣಿಯದ್ದು ಅಂತ ಮಾತಾಡಿಕೊಂಡು ರೊಟ್ಟಿಗಿಷ್ಟು ಅಂತ ದುಡ್ಡು ಕೊಟ್ಟು ತಗೊಳ್ಳಿ. ಚಟ್ನಿ ಮಾತ್ರ ಅತ್ತೆಯವರ ಕೈಯಲ್ಲೇ ಇರಲಿ, ಗಿರಾಕಿ ಮರಳಿ ಬರೋದು ಅದಕ್ಕೇ. ಅವರ ಅಳತೆಗಳನ್ನು ಗ್ರಾಂ ಲೆಕ್ಕದಲ್ಲಿ ತೂಗಿ ಬರೆದಿಡೋ ಕೆಲಸವನ್ನೂ ಈಗಲೇ ಮಾಡಿ. ಒಂದು ಹಿಡಿ, ಎರಡು ಚಿಟಿಕೆ ಅನ್ನೋದು ಅವರ ಕೈಗೆ ಮಾತ್ರ ಗೊತ್ತು.

ಕಲೀಬೇಕು ಅನ್ನೋ ನಿಮ್ಮ ಆಸೆ ಒಳ್ಳೆಯದೇ, ಅದಕ್ಕೆ 25,000 ಬೇಕಾಗಿಲ್ಲ. ನಿಮ್ಮ ಪಕ್ಕದ ಹುಲಕೋಟಿಯಲ್ಲೇ ಕೃಷಿ ವಿಜ್ಞಾನ ಕೇಂದ್ರ ಇದೆ, ಅಲ್ಲಿ ಹೋಗಿ ಆಹಾರ ಸಂಸ್ಕರಣೆಯ ತರಬೇತಿ ಯಾವಾಗ ಅಂತ ವಿಚಾರಿಸಿ. ಉಜಿರೆಯಲ್ಲಿ 1982ರಲ್ಲಿ ಶುರುವಾದ ರುಡ್‌ಸೆಟ್ ಸಂಸ್ಥೆಗೆ ಧಾರವಾಡದಲ್ಲೂ ಕೇಂದ್ರ ಇದೆ, ಸ್ವಂತ ಉದ್ಯೋಗ ಮಾಡುವವರಿಗೆ ತರಬೇತಿ ಉಚಿತ, ಊಟ ವಸತಿಯೂ ಅವರದ್ದೇ. ಪ್ಯಾಕಿಂಗ್, ಬಾಳಿಕೆ, ಪರೀಕ್ಷೆ ಇಂಥ ಆಳವಾದ ವಿಷಯಕ್ಕೆ ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐ ಕಡಿಮೆ ಅವಧಿಯ ಕೋರ್ಸ್ ನಡೆಸುತ್ತೆ, ಅದಕ್ಕೆ ಶುಲ್ಕ ಇದೆ, ಆದರೆ ಆ ದುಡ್ಡು ದಂಡ ಅಲ್ಲ.

ಸದ್ಯಕ್ಕೆ ಮಾಡಬೇಕಾದ್ದು ಇಷ್ಟು: ಈ ವಾರ ಅಕೌಂಟೆಂಟ್, ಮುಂದಿನ ವಾರದಿಂದ ಮೂರು ಪೌಚಿನ ಸೆಟ್ಟು, ಚಿಕ್ಕ ರೊಟ್ಟಿ. ಒಂದು ತಿಂಗಳು ಪ್ರತಿ ಪಾರ್ಸಲ್‌ನ ಖರ್ಚು ಬರೆದಿಡಿ. ಆ ಹಾಳೆಯ ಫೋಟೋ ನನಗೆ ಕಳಿಸಿ, ರೊಟ್ಟಿಯ ಬೆಲೆ ಎಷ್ಟಿಡಬೇಕು ಅನ್ನೋದನ್ನು ಅದನ್ನು ನೋಡಿ ಹೇಳ್ತೀನಿ.